ಅಮ್ಮನವರು ಹೇಳಿದ ದರ

ಸಿಂಗಾರದ ಒಂದು ಎಸಳು ಎಡಕ್ಕೆ ಬಿತ್ತು. ರಾಮನಾಥನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ. ಅದು ಬಲಕ್ಕೆ ಬಿದ್ದಿದ್ದರೆ ಅವನು ಗಂಟೆ ಬಾರಿಸಿ, ಕಾಯಿಯ ಹೋಳು ತೆಗೆದುಕೊಂಡು ಮನೆಗೆ ಹೋಗಿ ಗಂಜಿ ಉಣ್ಣುತ್ತಿದ್ದ. ಈ ಕತೆಯೂ ಇರುತ್ತಿರಲಿಲ್ಲ.

ಮದುವೆಯಿರಲಿ, ಮೊಕದ್ದಮೆಯಿರಲಿ, ಎಮ್ಮೆ ಖರೀದಿಯಿರಲಿ, ಅಂಕೋಲೆಯ ಆ ಕೇರಿಯವರು ಅಮ್ಮನವರ ಗುಡಿಯಲ್ಲಿ ಪ್ರಸಾದ ಕೇಳದೆ ಯಾವುದಕ್ಕೂ ಕೈಹಾಕುತ್ತಿರಲಿಲ್ಲ. ಪೂಜೆ ಮಾಡುವ ಗುನಗ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳನ್ನು ನೀರಲ್ಲಿ ಅದ್ದಿ ಮೂರ್ತಿಯ ಎರಡು ಭುಜಕ್ಕೂ ಅಂಟಿಸುತ್ತಾನೆ. ಬಂದವನು ಕೇಳಬೇಕಾದ್ದನ್ನು ಕೇಳಿ ಕೈಮುಗಿದು ಕಾಯಬೇಕು. ಬಲದ ಎಸಳು ಬಿದ್ದರೆ ಹೂಂ, ಎಡದ್ದು ಬಿದ್ದರೆ ಊಹೂಂ.

"ಅಮ್ಮಾ, ಸಾವಿರ ರೂಪಾಯಿಗೆ ನನ್ನ ಮನೆ ಕೊಡ್ಲಾ?" ಎಂದು ಕೇಳಿದ್ದ ರಾಮನಾಥ. ಎಡದ ಎಸಳು ತಡಮಾಡಲಿಲ್ಲ. ಈ ಮಾತಿಗೇ ಕಾದು ಕೂತಿತ್ತೇನೋ ಎಂಬಂತೆ ಬಿದ್ದುಬಿಟ್ಟಿತು.

"ಆಗೂದಿಲ್ಲ ಅಂದ್ರು" ಎಂದ ಸಾಣು ಗುನಗ, ಎಸಳನ್ನು ಹೆಕ್ಕುತ್ತ.

"ಎಂತಾ ಆಗೂದಿಲ್ಲ? ಕಮ್ಮಿ ಆಯ್ತಾ, ಜಾಸ್ತಿ ಆಯ್ತಾ?"

"ಅದೆಲ್ಲ ಬಿಡಿಸಿ ಹೇಳೂದಿಲ್ಲ. ಹೌದು, ಅಲ್ಲ. ಅಷ್ಟೇಯಾ."

"ಹಾಂಗಾರೆ ಇನ್ನೊಂದ್ಸಲ ಹಚ್ಚು ಮಾರಾಯ. ಒಂಬೈನೂರಕ್ಕೆ ಕೇಳಿ ನೋಡ್ವ."

ಸಾಣು ಗುನಗ ನೀರಿನ ತಂಬಿಗೆಯನ್ನು ಕೆಳಗಿಟ್ಟ. "ರಾಮನಾಥಾ, ಇದು ಮೀನ್ಪ್ಯಾಟಿ ಅಲ್ಲ. ಒಬ್ರಿಗೆ ದಿನಕ್ಕೆ ಒಂದೇ ಮಾತು. ನಾಳೆ ಬಾ."

ನಾಳೆ ಬರುವಂತಿದ್ದರೆ ರಾಮನಾಥ ಹೀಗೆ ಬೆವರುತ್ತಿರಲಿಲ್ಲ. ಮನೆ ನೋಡಲು ಹಿಲ್ಲೂರಿನಿಂದ ಗಿರಾಕಿ ಬರುವುದು ಇವತ್ತು ಮಧ್ಯಾಹ್ನ.

ರಾಮನಾಥನಿಗೆ ದರದ ವಿಷಯದಲ್ಲಿ ದೇವರನ್ನು ಕೇಳುವ ಗತಿ ಬಂತೆಂದರೆ ಕೇಳಿದವರು ನಗಬೇಕು. ಅವನ ಕಸುಬೇ ಅದು. ಮಾವಿನ ಮರ ಹೂ ಬಿಟ್ಟಾಗ ಅದರ ಕೆಳಗೆ ನಿಂತು, ಕತ್ತೆತ್ತಿ ಒಂದು ಸುತ್ತು ಬಂದು, ಈ ಮರದ ಫಸಲು ಇಷ್ಟಕ್ಕೆ ಹೋಗುತ್ತದೆ ಎಂದು ಹೇಳುವುದು. ಮರದ ಯಜಮಾನನೂ ಒಪ್ಪುತ್ತಿದ್ದ, ಕೊಳ್ಳುವ ಸಾಹುಕಾರನೂ ಒಪ್ಪುತ್ತಿದ್ದ. ಮಾವಿನಿಂದ ಗೇರಿಗೆ, ಗೇರಿನಿಂದ ಎತ್ತುಗಳಿಗೆ, ಒಮ್ಮೆ ವರ್ಗವಾಗಿ ಹೊರಟ ಮಾಮಲೇದಾರರ ಕುದುರೆಗೂ ಅವನೇ ದರ ಹೇಳಿದ್ದ. ಕುದುರೆ ಕೂಡ ಆ ದರಕ್ಕೆ ತಕರಾರು ಮಾಡಿರಲಿಲ್ಲ. ಆದರೆ ಪರರ ಮರದ ಕೆಳಗೆ ನಿಂತಾಗ ಗಿಡುಗನಂತಿದ್ದ ಅವನ ಕಣ್ಣು ಸ್ವಂತ ಮನೆಯ ಜಗಲಿಗೆ ಬಂದರೆ ಮಂಜಾಗುತ್ತಿತ್ತು.

ಅದಕ್ಕೆ ಕಾಲವೂ ಕಾರಣ. ಆಗ ಎಲ್ಲದರ ದರವೂ ಇಳಿಯುತ್ತಿದ್ದ ಕಾಲ. ಕಾರವಾರದಿಂದ ಬರುವ ಸರ್ವಿಸ್ ಮೋಟಾರಿನ ಡ್ರೈವರು ಇಳಿಯುವ ಮೊದಲೇ ಕಿಟಕಿಯಿಂದ ತಲೆ ಹೊರಹಾಕಿ, ಕೊಬ್ಬರಿ ಇಳೀತು, ಅಕ್ಕಿ ಇಳೀತು ಎಂದು ಹೇಳುತ್ತಿದ್ದ. ಜನ ಅವನನ್ನು ಸಾವಿನ ಸುದ್ದಿ ತರುವವನಂತೆ ನೋಡುತ್ತಿದ್ದರು. ರಾಮನಾಥನ ಅಪ್ಪನ ಕಾಲದಲ್ಲಿ ಈ ಮನೆಯನ್ನು ಸಾವಿರದ ಐನೂರಕ್ಕೆ ಕೇಳಿದವರಿದ್ದರು. ಈಗ ಸಾವಿರ ಬರಬಹುದು ಎಂದು ರಾಮನಾಥ ಮೊದಲ ನೋಟಕ್ಕೆ ಅಂದಾಜು ಮಾಡಿದ್ದ. ಆಮೇಲೆ ಆ ಅಂದಾಜನ್ನು ತಾನೇ ನಂಬದೆ ಗುಡಿಗೆ ಬಂದಿದ್ದ.

ಮಾರುವುದಕ್ಕೆ ಇದ್ದ ಕಾರಣ ಒಂದೇ: ನೀರು. ಅವನ ಬಾವಿಯ ನೀರು ಉಪ್ಪು. ಬೇಳೆ ಬೇಯದು, ಸೋಪು ನೊರೆಬಿಡದು. ಉಪ್ಪಿನ ಸತ್ಯಾಗ್ರಹಕ್ಕೆ ಊರಿಗೆ ಊರೇ ಕಡಲತೀರಕ್ಕೆ ಹೋದ ವರ್ಷ, "ಅಷ್ಟು ದೂರ ಎಂತಕ್ಕೆ, ರಾಮನಾಥನ ಹಿತ್ತಲಲ್ಲೇ ಕಾಯಿಸಬಹುದಾಗಿತ್ತು" ಎಂದು ಪಕ್ಕದ ಮನೆಯ ದೇವಿದಾಸ ನಗಾಡಿದ್ದ. ದೇವಿದಾಸನದು ಇದೇ ಅಳತೆಯ ಮನೆ. ಒಂದೇ ವರ್ಷ, ಒಂದೇ ಬಡಗಿ ಕಟ್ಟಿದ್ದು. ಆದರೆ ಅವನ ಬಾವಿ ಮಾತ್ರ ಎಳನೀರು. ಮದುವೆಯಾಗಿ ಬಂದಾಗಿನಿಂದ ರಾಮನಾಥನ ಹೆಂಡತಿ ನಾಗಮ್ಮ ಗೋಡೆ ಸುತ್ತಿಕೊಂಡು ಹೋಗಿ ಆ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದಳು. ಸಿಹಿ ನೀರಿನ ಬಾವಿ ಇರುವ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ರಾಮನಾಥ ಮದುವೆಯ ವರ್ಷವೇ ಮಾತು ಕೊಟ್ಟಿದ್ದ. ಅವಳ ತಲೆಯ ಮೇಲಿನ ಸಿಂಬೆಯ ಕಲೆ ನೆರೆಗೂದಲಿನ ನಡುವೆ ಕಾಣುವಂತಾದರೂ ಮಾತು ಮಾತಾಗಿಯೇ ಉಳಿದಿತ್ತು.

ಈಗ ಕಾರವಾರದ ಹತ್ತಿರದ ಅರ್ಗಾದಲ್ಲಿ ಅಂಥದೊಂದು ಮನೆ ಸಿಕ್ಕಿತ್ತು. ಮಾವಿನ ತೋಪು ನೋಡಲು ಹೋದವನಿಗೆ ಬಾಯಾರಿ, ಆ ಹಿತ್ತಲಿನ ಬಾವಿಯ ನೀರು ಕುಡಿದು, ಎರಡನೇ ತಂಬಿಗೆ ಕೇಳಿದ್ದ. ಮನೆ ಕಾರವಾರದ ಕೋರ್ಟಿನ ಕಾರಕೂನನೊಬ್ಬನದು. ನಾಳೆಯವರೆಗೆ ಕಾಯುತ್ತೇನೆ, ಆಮೇಲೆ ಬಂದವರಿಗೆ ಕೊಡುತ್ತೇನೆ ಎಂದಿದ್ದ. ಹಾಗಾಗಿ ಇದನ್ನು ಇವತ್ತೇ ಮಾರಬೇಕು, ಅದನ್ನು ನಾಳೆಯೇ ಹಿಡಿಯಬೇಕು. ನಡುವೆ ಈ ಎಸಳು.

ಗುಡಿಯ ಮೆಟ್ಟಿಲು ಇಳಿಯುವುದರೊಳಗೆ ಎಸಳಿನ ಅರ್ಥ ಹೇಳಲು ಇಬ್ಬರು ಸಿದ್ಧರಾಗಿದ್ದರು. ಒಬ್ಬಳು ಎದುರುಮನೆಯ ಅಕ್ಕಮ್ಮ. ನಶ್ಯದ ಡಬ್ಬಿ ಮತ್ತು ಸಲಹೆ, ಇವೆರಡನ್ನೂ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಓಡಾಡುವ ಮುದುಕಿ. ಇನ್ನೊಬ್ಬ ದೇವಿದಾಸನೇ. ಕೊಬ್ಬರಿ ಅಂಗಡಿಯವನು. ಬೆಳಿಗ್ಗೆ ಕೊಂಡದ್ದು ಸಂಜೆಗೆ ಇಳಿಯುವುದನ್ನು ನೋಡಿ ನೋಡಿ ಅವನ ಮುಖ ಕೂಡ ತುಸು ಕೆಳಗೆ ಇಳಿದಂತಿತ್ತು.

"ತಮಾ, ಅಮ್ಮನೋರು ನಿನ್ನ ಮಾನ ಉಳಿಸಿದ್ರು" ಎಂದಳು ಅಕ್ಕಮ್ಮ. "ನಿನ್ನಪ್ಪ ಹಲಸಿನ ತೊಲೆ ಹಾಕಿ ಕಟ್ಟಿಸಿದ ಮನೆ ಅದು. ಸಾವಿರಕ್ಕೆ ಕೊಡೂದಾ ಅಂದೇಳಿ ಅಮ್ಮನೋರಿಗೇ ಸಿಟ್ಟು ಬಂತು. ಸಾವಿರದ ಇನ್ನೂರು ಕೇಳು."

"ಮಳ್ಳು ಹೇಳ್ಬ್ಯಾಡ ಅಕ್ಕಮ್ಮಾ" ಎಂದ ದೇವಿದಾಸ. "ಅಮ್ಮನೋರು ಹೇಳಿದ್ದು ಸಾವಿರ ಜಾಸ್ತಿ ಆಯ್ತು ಅಂದು. ಅವರಿಗೆ ಪ್ಯಾಟಿ ದರ ಗೊತ್ತಿಲ್ವಾ? ರಾಮನಾಥಾ, ನಾ ಹೇಳ್ತೆ ಕೇಳು. ಇವತ್ತು ಮಾರಿದವ್ನೇ ಜಾಣ. ನಾಳೆ ಅಂದವ ಕೆಟ್ಟ. ಎಂಟ್ನೂರು ಬಂದ್ರೆ ಕಣ್ಣು ಮುಚ್ಕಂಡು ಕೊಟ್ಬಿಡು."

"ಎಂಟ್ನೂರಾ? ಬರೀ ಬಾಗಿಲಿಗೇ ಅಷ್ಟಾಗ್ತದೆ."

"ಬಾಗಿಲು ತಿನ್ನೂಕಾಗ್ತದಾ? ಮುಂದಿನ ವರ್ಷ ಮನೆ ಕೊಟ್ರೂ ತಕಳೂಕೆ ಜನ ಇರೂದಿಲ್ಲ ನೋಡ್ತಿರು. ಮನೆ ಇದ್ದವ್ರೆಲ್ಲ ಮನೆ ತಲೆ ಮೇಲೆ ಹೊತ್ಕಂಡು ಗಿರಾಕಿ ಹುಡುಕೂದು."

ಇವರಿಬ್ಬರ ನಡುವೆ ರಾಮನಾಥ ಎರಡು ಎತ್ತುಗಳ ನಡುವಿನ ಈಸಿನಂತೆ ನಡೆದ. ಅವನಿಗೊಂದು ದುರ್ಗುಣವಿತ್ತು. ಎದುರಿಗೆ ಮಾತಾಡುವವರು ಯಾರೇ ಆಗಲಿ, ಅವರು ಹೇಳುವುದು ಸರಿ ಎಂದು ಅವನಿಗೆ ಆ ಕ್ಷಣಕ್ಕೆ ಅನ್ನಿಸಿಬಿಡುತ್ತಿತ್ತು. ಮನೆ ತಲುಪುವ ಮೊದಲು ಅವನು ಅಕ್ಕಮ್ಮನಿಗೆ ಒಂದು ಮಾತು ಕೊಟ್ಟಿದ್ದ: ಅವಳು ಒಳಬಾಗಿಲ ಹಿಂದೆ ಕೂತಿರುವುದು, ಅವಳು ಕೆಮ್ಮಿದರೆ ಇವನು ನೂರು ರೂಪಾಯಿ ಏರಿಸುವುದು. ಅಕ್ಕಮ್ಮ ಆಚೆ ತಿರುಗಿದ ಕೂಡಲೇ ದೇವಿದಾಸನಿಗೂ ಇನ್ನೊಂದು ಮಾತು ಕೊಟ್ಟ: ಅವನು ಚಾಪೆಯ ಮೇಲೆ ಪಕ್ಕದಲ್ಲಿ ಕೂರುವುದು, ಅವನು ತೊಡೆ ಚಿವುಟಿದರೆ ನೂರು ಇಳಿಸುವುದು.

ಇದನ್ನು ಕೇಳಿದ ನಾಗಮ್ಮ ಗಂಜಿಯ ಬಟ್ಟಲನ್ನು ಅವನ ಮುಂದಿಟ್ಟು, "ಮತ್ತೆ ಬಾವಿ ಉಪ್ಪು ಅಂದೇಳಿ ಹೇಳೂಕೆ ಯಾರು ಕೆಮ್ಮೂದು?" ಎಂದು ಕೇಳಿದಳು.

"ಅದನ್ನ ಕೇಳಿದ್ರೆ ಹೇಳ್ವ. ಕೇಳದಿದ್ರೆ ಎಂತಕ್ಕೆ?"

"ಬಂದವ್ರಿಗೆ ನೀರು ಬೆಲ್ಲ ಕೊಡ್ಬೇಕಲ್ಲ. ಕುಡಿದ್ಮೇಲೆ ಕೇಳೂದೇ ಬ್ಯಾಡ."

ಅದಕ್ಕೂ ದೇವಿದಾಸನೇ ಉಪಾಯ ಹೇಳಿದ. ತನ್ನ ಬಾವಿಯಿಂದ ಅದೇ ಆಗ ಸೇದಿದ ನೀರನ್ನು ಹಿತ್ತಾಳೆ ಕೊಡದಲ್ಲಿ ತಾನೇ ಹೊತ್ತು ತಂದು ಕೊಟ್ಟ. "ನೆರೆಮನೆ ಅಂದ್ರೆ ಎಂತಕ್ಕೆ ಇರೂದು?" ಎಂದ. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುವುದು ನ್ಯಾಯ.

ಮಧ್ಯಾಹ್ನ ಹಿಲ್ಲೂರಿನ ಗಾಡಿ ಬಂದು ನಿಂತಿತು. ಜಟ್ಟು ಮತ್ತು ಅವನ ಹೆಂಡತಿ ಗಂಗಿ ಇಳಿದರು. ಜಟ್ಟು ಕಾಡಿನ ನಾಟ ಸಾಗಿಸುವ ಗಾಡಿಗಳನ್ನು ಇಟ್ಟು ನಾಲ್ಕು ಕಾಸು ಮಾಡಿದವನು. ಆದರೆ ಮೈಯಲ್ಲಿ ಉಳಿದದ್ದು ಎಲುಬು ಮತ್ತು ಚಳಿಜ್ವರ. ಉರಿಬಿಸಿಲಲ್ಲೂ ಕಂಬಳಿ ಹೊದ್ದಿದ್ದ. ಕಾಡು ಬಿಟ್ಟು ಕಡಲ ಗಾಳಿಗೆ ಹೋಗದಿದ್ದರೆ ಮುಂದಿನ ಮಳೆಗಾಲ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಗಂಗಿಗೆ ಕೊರಳ ತುಂಬ ಕರಿಮಣಿ, ಕಣ್ಣ ತುಂಬ ಅನುಮಾನ. ಜಟ್ಟು ಜಗಲಿಯ ಮೇಲೆ ಕೂತ. ಅವಳು ಕೂರಲಿಲ್ಲ. ಗೋಡೆ ತಟ್ಟಿದಳು, ತೊಲೆ ನೋಡಿದಳು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೊಗೆ ಎತ್ತ ಹೋಗುತ್ತದೆಂದು ನಾಗಮ್ಮನನ್ನು ಕೇಳಿದಳು.

"ಮನಿ ಲಾಯ್ಕುಂಟು ಒಡ್ಯಾ" ಎಂದ ಜಟ್ಟು. "ದರ ಎಷ್ಟು?"

ರಾಮನಾಥ ಗಂಟಲು ಸರಿಮಾಡಿಕೊಂಡ. "ಒಂದು ಸಾವಿರ."

ಬಾಗಿಲ ಹಿಂದೆ ಕೆಮ್ಮು ಕೇಳಿತು.

"ಸಾವಿರದ ಮೇಲೆ ನೂರು, ಹೇಳೂಕೆ ಹೊರಟಿದ್ದೆ."

ಕೆಮ್ಮು ಮತ್ತೆ ಕೇಳಿತು.

"ಮೇಲೆ ಇನ್ನೂರು."

ತೊಡೆಯ ಮೇಲೆ ದೇವಿದಾಸನ ಉಗುರು ಊರಿತು. ಕೊಬ್ಬರಿ ಚಿವುಟಿ ನೋಡಿ ನೋಡಿ ಗಟ್ಟಿಯಾದ ಉಗುರು.

"ಅಯ್ಯೋ. ಆದ್ರೆ ನಿಮಗೆ ಅಂದ್ರೆ ಸಾವಿರದ ನೂರು. ಸಾವಿರ." ಉಗುರು ಬಿಡಲಿಲ್ಲ. "ಒಂಬೈನೂರು. ದೂರದಿಂದ ಬಂದವ್ರಿಗೆ ಎಂಟ್ನೂರು."

ಒಳಗೆ ಅಕ್ಕಮ್ಮನಿಗೆ ಇದನ್ನು ಕೇಳಿ ಎದೆ ಒಡೆಯಿತು. ಧೈರ್ಯಕ್ಕೆಂದು ಒಂದು ದೊಡ್ಡ ಚಿಟಿಕೆ ನಶ್ಯ ಏರಿಸಿದಳು. ಅವಸರಕ್ಕೆ ಅದು ಮೂಗಿಗೆ ಹೋಗುವ ಬದಲು ಗಂಟಲಿಗೆ ಇಳಿಯಿತು. ಆಮೇಲೆ ಬಂದ ಕೆಮ್ಮು ಅವಳ ಸ್ವಾಧೀನದ್ದಲ್ಲ. ಅದು ಮಳೆಗಾಲದ ಗುಡುಗಿನಂತೆ ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬಂತು. ಕೊಟ್ಟ ಮಾತಿಗೆ ತಪ್ಪದ ರಾಮನಾಥ ಒಂಬೈನೂರು, ಸಾವಿರ, ಸಾವಿರದ ನೂರು ಎನ್ನುತ್ತ ಮೆಟ್ಟಿಲು ಹತ್ತಿದ. ದೇವಿದಾಸ ಕೆಳಗಿನಿಂದ ಚಿವುಟಿ ಎಳೆಯುತ್ತಲೇ ಇದ್ದ. ಮನೆಯ ದರ ಅಳಿವೆಯಲ್ಲಿ ಸಿಕ್ಕಿಬಿದ್ದ ದೋಣಿಯಂತೆ ಏಳುತ್ತ ಬೀಳುತ್ತ ಸಾವಿರದ ಐನೂರಕ್ಕೆ ಮುಟ್ಟಿ, ಅಕ್ಕಮ್ಮನಿಗೆ ನಾಗಮ್ಮ ನೀರು ಕುಡಿಸಿದ ಮೇಲೆಯೇ ನಿಂತಿತು.

ಜಟ್ಟು ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡ. "ಒಡ್ಯಾ, ತಪ್ಪು ತಿಳ್ಕಬ್ಯಾಡಿ. ನಂಗೆ ಚಳಿಜ್ವರ ಬಂದಾಗ ಹೀಂಗೇಯಾ. ಏರ್ತದೆ, ಇಳೀತದೆ. ನಿಮ್ಮ ಮನಿಗೂ ಅದೇ ಬಂದಂಗೆ ಕಾಣ್ತದೆ."

"ಹಾಂಗಲ್ಲ ಜಟ್ಟು, ದರ ಅಂದ್ರೆ..."

"ಒಳಗೆ ಯಾರೋ ಕೆಮ್ಮೂದು ಕೇಳ್ತು. ಮನೀಲಿ ಬ್ಯಾರೆ ಎಂತಾದ್ರೂ ಉಂಟಾ? ಸತ್ತವ್ರು ಗಿತ್ತವ್ರು?"

"ನಾ ಇನ್ನೂ ಬದುಕಿದ್ದೆನೋ" ಎಂದು ಅಕ್ಕಮ್ಮ ಬಾಗಿಲಿಂದ ತಲೆ ಹೊರಹಾಕಿದಳು. ಕಣ್ಣು ಮೂಗು ಕೆಂಪಾಗಿ, ಕೂದಲು ಕೆದರಿದ್ದ ಆ ಮುಖ ನೋಡಿ ಜಟ್ಟುವಿನ ಅನುಮಾನ ಅಷ್ಟೇನೂ ಕಡಿಮೆಯಾಗಲಿಲ್ಲ.

ಆಗ ನಾಗಮ್ಮ ನೀರು ಬೆಲ್ಲ ತಂದಳು. ಬೆಲ್ಲ ತಿಂದ ಬಾಯಿಗೆ ಯಾವ ನೀರೂ ಸಿಹಿಯೇ. ಆದರೆ ಗಂಗಿ ಬೆಲ್ಲವನ್ನು ಮನೆಯಲ್ಲಿರುವ ಮಕ್ಕಳಿಗೆಂದು ಸೆರಗಿನ ತುದಿಗೆ ಕಟ್ಟಿಕೊಂಡು ಬರೀ ನೀರು ಕುಡಿದಳು. ಕುಡಿದು, ತಂಬಿಗೆಯೊಳಗೆ ಬಗ್ಗಿ ನೋಡಿ, ಮತ್ತೆ ಕುಡಿದಳು.

"ಎಂಥಾ ನೀರು ಅಮ್ಮಾ" ಎಂದಳು. ಬಂದಾಗಿನಿಂದ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು. "ಇಂಥಾ ನೀರು ಕುಡಿದ್ರೆ ಇವ್ರ ಜ್ವರಾನೂ ಇಳೀತದೆ."

ರಾಮನಾಥ ಅರಳಿದ. ದೇವಿದಾಸ ಚಿವುಟುವುದನ್ನು ಬಿಟ್ಟ. ಅಕ್ಕಮ್ಮ ಕೆಮ್ಮಲಿಲ್ಲ. ಇನ್ನು ಒಂದು ದರ ಹೇಳಿ ಕೈಹಿಡಿದರೆ ಮುಗಿಯಿತು.

"ದಿನಕ್ಕೆ ಎಷ್ಟು ಕೊಡ ಸೇದಿದ್ರೂ ಬತ್ತೂದಿಲ್ವಾ ನಿಮ್ಮ ಬಾವಿ?" ಎಂದು ಗಂಗಿ ಕೇಳಿದಳು. ಕೇಳುವಾಗ ತನಗರಿಯದೆ ನೆತ್ತಿಯ ಮೇಲೆ ಕೈಯಾಡಿಸಿದಳು. ಅಲ್ಲೂ ಸಿಂಬೆಯ ಕಲೆಯಿತ್ತು. ಹಿಲ್ಲೂರಿನಲ್ಲಿ ಅವಳು ಹಳ್ಳದಿಂದ ನೀರು ಹೊರುತ್ತಿದ್ದಳು.

ನಾಗಮ್ಮ ಗಂಡನ ಮುಖ ನೋಡಲಿಲ್ಲ. "ಇದು ನಮ್ಮ ಬಾವಿದಲ್ಲ ಮಗಾ" ಎಂದಳು. "ನಮ್ಮದು ಉಪ್ಪು. ಇದು ಪಕ್ಕದ ದೇವಿದಾಸಂದು. ನಾ ದಿನಾ ಹೊತ್ತು ತರೂದು. ನಾಳೆ ನೀ ಹೊರೂ ಹಾಂಗೆ ಆಗೂಕೆ ಬ್ಯಾಡ ಅಂದು ಹೇಳ್ದೆ."

ಹೊರಗೆ ಗಾಡಿಯ ಎತ್ತು ಮೆಲುಕು ಹಾಕುವುದು ಕೇಳುತ್ತಿತ್ತು. ಗಂಗಿ ಹಿತ್ತಲಿಗೆ ಹೋದಳು. ಗೋಡೆಯ ಮೇಲೆ ಗಲ್ಲ ಊರಿ ಆಚೆಯ ಬಾವಿ ನೋಡಿದಳು, ಆಚೆಯ ಮನೆ ನೋಡಿದಳು. ತಿರುಗಿ ಬಂದು ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಜಟ್ಟು ಎದ್ದುನಿಂತ.

"ಅಮ್ಮನೋರ ಗುಡೀಲಿ ಒಂದು ಮಾತು ಕೇಳಿ ಹೇಳ್ತೆ ಒಡ್ಯಾ" ಎಂದ.

ಅವರು ಹೋದ ಮೇಲೆ ರಾಮನಾಥ ಹೆಂಡತಿಯ ಮೇಲೆ ಸಿಟ್ಟಾಗಲು ನೋಡಿದ. ಸಿಟ್ಟು ಸರಿಯಾಗಿ ಬರಲಿಲ್ಲ. ಅವಳು ಹೇಳಿದ್ದು ಸರಿ ಎಂದು ಅವನಿಗೆ ಅನ್ನಿಸುತ್ತಿತ್ತು. ಅದೂ ಅವನ ಹಳೆಯ ದುರ್ಗುಣವೇ. ದೇವಿದಾಸ ಯಾವಾಗ ಎದ್ದು ಹೋದ ಎಂಬುದನ್ನು ಯಾರೂ ನೋಡಲಿಲ್ಲ. ಅಕ್ಕಮ್ಮ ಮಾತ್ರ ಚಾಪೆಯ ಮೇಲೆ ಕಾಲು ಚಾಚಿ ಕೂತು, "ನೀ ನನ್ನ ಮೊದಲ್ನೇ ಕೆಮ್ಮಿಗೇ ನಿಲ್ಬೇಕಾಗಿತ್ತು" ಎಂದಳು.

"ಗುಡಿಗೆ ಹೋದ್ರಲ್ಲ, ಅಂದ್ರೆ ಮನಸ್ಸುಂಟು ಅಂದೇ ಆಯ್ತು" ಎಂದ ರಾಮನಾಥ. "ಮನಸ್ಸಿಲ್ಲದವ್ರು ಗಾಡಿ ಹತ್ತಿ ಸೀದಾ ಹಿಲ್ಲೂರಿಗೆ ಹೋಗ್ತಿದ್ರು. ನಾನೂ ಹೋಗಿ, ಕೆಮ್ಮೂ ಇಲ್ಲ ಚಿವುಟೂದೂ ಇಲ್ಲ, ಒಂದೇ ದರ ಅಂದು ಹೇಳ್ತೆ. ಎಷ್ಟು ಹೇಳ್ಲಿ?"

"ಬೆಳಿಗ್ಗೆ ಎದ್ದಾಗ ನಿಮ್ಮ ಬಾಯಲ್ಲಿ ಎಷ್ಟಿತ್ತು?" ಎಂದು ಕೇಳಿದಳು ನಾಗಮ್ಮ.

"ಸಾವಿರ."

"ಅದನ್ನೇ ಹೇಳಿ. ಬಾವಿ ಉಪ್ಪು ಅಂದೂ ಹೇಳಿ ಆಯ್ತು. ಈಗ ಮುಚ್ಚಿಡೂಕೆ ನಿಮ್ಮ ಹತ್ರ ಎಂತದೂ ಉಳೀಲಿಲ್ಲ."

ರಾಮನಾಥ ಶಲ್ಯವನ್ನು ಹೆಗಲಿಗೆಸೆದು ಓಡುನಡಿಗೆಯಲ್ಲಿ ಹೊರಟ. ಅಕ್ಕಮ್ಮ, ಇಂಥ ಹೊತ್ತಲ್ಲಿ ಅವನನ್ನು ಒಬ್ಬನೇ ಬಿಡುವುದು ಸರಿಯಲ್ಲ ಎಂದು ಹಿಂದಿನಿಂದ ಕುಂಟುತ್ತ ಬಂದಳು.

ಬಿಸಿಲು ಇಳಿಯುತ್ತಿತ್ತು. ಗುಡಿಯ ಹೊಸ್ತಿಲಿಗೆ ಬರುವಾಗ ಒಳಗೆ ಸಾಣು ಗುನಗನ ದನಿ ಕೇಳಿತು. ರಾಮನಾಥ ಅಲ್ಲೇ ನಿಂತ. ಪ್ರಸಾದ ಹಚ್ಚಿದ ಮೇಲೆ ನಡುವೆ ಹೋಗಬಾರದು.

"ಹಿಲ್ಲೂರಿನ ನಿನ್ನ ಮಗ ಕೇಳ್ತಾ ಉಂಟು ತಾಯೆ. ಸಾವಿರ ರೂಪಾಯಿಗೆ ಈ ಪ್ಯಾಟಿ ಮನಿ ತಕಂಡ್ರೆ ಅವ್ನ ಸಂಸಾರಕ್ಕೆ ಸುಖ ಉಂಟಾ?"

ಸಾವಿರ. ರಾಮನಾಥ ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಗ್ಗಿದ. ಅವನು ಬಾಯಿಬಿಟ್ಟು ಹೇಳುವ ಮೊದಲೇ, ಅಷ್ಟೊಂದು ಕೆಮ್ಮು ಚಿವುಟುಗಳನ್ನು ದಾಟಿ, ಆ ಕಾಡಿನ ಮನುಷ್ಯ ತಾನಾಗಿ ಸರಿಯಾದ ದರಕ್ಕೆ ಬಂದು ನಿಂತಿದ್ದ.

ಬಲದ ಎಸಳು ಬಿತ್ತು. ಅದೂ ತಡಮಾಡಲಿಲ್ಲ.

"ಹೌದು ಅಂದ್ರು" ಎಂದ ಸಾಣು ಗುನಗ.

ರಾಮನಾಥ ಒಳಗೆ ನುಗ್ಗಿ ಜಟ್ಟುವಿನ ಎರಡೂ ಕೈ ಹಿಡಿದುಕೊಂಡ. "ಅಮ್ಮನೋರ ಮಾತಿಗೆ ನಂದು ಅಡ್ಡಮಾತಿಲ್ಲ ಜಟ್ಟು. ಸಾವಿರ ಅಂದ್ರೆ ಸಾವಿರ. ನಾಳೇನೇ ಬಂದು ಹಾಲುಕ್ಕಿಸಿ. ಒಳಕೋಣೆಯ ಭತ್ತದ ಕಣಜ ಉಂಟಲ್ಲ, ಅದಕ್ಕೆ ದುಡ್ಡು ಬ್ಯಾಡ. ಅದನ್ನ ಅಲ್ಲೇ ಬಿಟ್ಟು ಹೋಗ್ತೆ."

ಜಟ್ಟು ಗೊಂದಲದಿಂದ ಹೆಂಡತಿಯನ್ನು ನೋಡಿದ. "ನೀವು ಎಂತಕ್ಕೆ ಬಿಟ್ಟು ಹೋಗೂದು ಒಡ್ಯಾ? ಕಣಜ ಕೊಡೂದಾ ಬಿಡೂದಾ ಅಂದು ಅವ್ರಲ್ವಾ ಹೇಳ್ಬೇಕು?"

ಅವನು ತೋರಿಸಿದ ಕಡೆ ಕಂಬದ ನೆರಳಿತ್ತು. ನೆರಳಿನಲ್ಲಿ ದೇವಿದಾಸ ಕೈಮುಗಿದುಕೊಂಡು ನಿಂತಿದ್ದ. ಅಮ್ಮನವರಿಗೆ ಮುಗಿದದ್ದೋ ರಾಮನಾಥನಿಗೆ ಮುಗಿದದ್ದೋ ಹೇಳುವಂತಿರಲಿಲ್ಲ.

"ನೀನಾ?" ಎಂದ ರಾಮನಾಥ.

"ನಾ ಎಂತ ಮಾಡ್ಲೋ ಮಾರಾಯ" ಎಂದ ದೇವಿದಾಸ, ಅಳುವಂತೆ. "ಇವತ್ತು ಮಾರಿದವ್ನೇ ಜಾಣ, ನಾಳೆ ಅಂದವ ಕೆಟ್ಟ ಅಂದು ಬೆಳಿಗ್ಗೆಯಿಂದ ನಿಂಗೆ ಹೇಳಿ ಹೇಳಿ ನಂಗೇ ಹೆದರಿಕೆ ಹತ್ತಿಬಿಡ್ತು. ಅಷ್ಟರಲ್ಲಿ ಈ ಗಂಗಿ ಬಂದು, ನಿಮ್ಮ ಮನಿ ಕೊಡ್ತ್ರಾ ಅಂದು ಕೇಳಿದ್ಲು. ಬಾಯಿಂದ ಹೌದು ಅಂದು ಬಂದೋಯ್ತು."

"ಸಾವಿರಕ್ಕಾ? ಎಂಟ್ನೂರಕ್ಕೆ ಕೊಟ್ಬಿಡು ಅಂದು ನನ್ನ ತೊಡೆ ಕಿತ್ತವ ನೀನು."

"ಮತ್ತೆ? ನಮ್ಮೆರಡೂ ಮನೆ ಒಂದೇ ಅಳತೆ. ನೀ ಬೆಳಿಗ್ಗೆ ಸಾವಿರ ಅಂದಿದ್ಯಲ್ಲ. ಇಷ್ಟು ವರ್ಷದಲ್ಲಿ ನಿನ್ನ ಅಂದಾಜು ಒಂದ್ಸಲನಾದ್ರೂ ತಪ್ಪಿದ್ದುಂಟಾ?" ದೇವಿದಾಸನ ದನಿಯಲ್ಲಿ ನಿಜವಾದ ಗೌರವವಿತ್ತು. "ನಾ ಅದೇ ಧೈರ್ಯದ ಮೇಲೆ ಹೇಳ್ದೆ. ಅವ್ರು ಒಂದು ಮಾತೂ ಚೌಕಾಸಿ ಮಾಡ್ಲಿಲ್ಲ."

ಅಷ್ಟು ಹೊತ್ತಿಗೆ ಅಕ್ಕಮ್ಮ ಬಂದು ಮುಟ್ಟಿದಳು. ವಿಷಯ ತಿಳಿಯಲು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮುಖಗಳನ್ನು ನೋಡಿದಳು, ಸಾಕಾಯಿತು.

"ಅಮ್ಮನೋರು ಬೆಳಿಗ್ಗೇನೇ ಹೇಳಿದ್ರಲ್ಲ ತಮಾ" ಎಂದಳು, ಕಂಬಕ್ಕೆ ಒರಗುತ್ತ. "ಮನೆ ಕೊಡ್ಲಾ ಅಂದೆ, ಬ್ಯಾಡ ಅಂದ್ರು. ಅದರಲ್ಲಿ ಕಮ್ಮಿ ಎಲ್ಲಿ ಬಂತು, ಜಾಸ್ತಿ ಎಲ್ಲಿ ಬಂತು? ಇಷ್ಟು ಸಸಾರ ಮಾತು ನಿಮಗೆಲ್ಲ ತಿಳೀಲಿಲ್ವಾ?"

ಅವಳನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಸಾಣು ಗುನಗ ಎಲ್ಲರಿಗೂ ತೀರ್ಥ ಕೊಟ್ಟ. ರಾಮನಾಥ ಅದನ್ನು ಕುಡಿದ. ಅದೂ ದೇವಿದಾಸನ ಬಾವಿಯ ನೀರೇ. ಗುಡಿಗೂ ಅಲ್ಲಿಂದಲೇ ಬರುತ್ತಿತ್ತು.

ಸಂಜೆ ರಾಮನಾಥ ಜಗಲಿಯ ಮೇಲೆ ಕೂತು ತೊಡೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ದೇವಿದಾಸ ಬಂದ. ಮೆಟ್ಟಿಲ ಬಳಿಯೇ ನಿಂತು ಪಂಚೆಯ ಚುಂಗು ಸುರುಳಿ ಸುತ್ತಿದ.

"ಬಾ, ಕೂತ್ಕ" ಎಂದ ರಾಮನಾಥ. ಅವನಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಬರುತ್ತಿರಲಿಲ್ಲ.

"ಕೂರೂಕೆ ಪುರಸೊತ್ತಿಲ್ಲ. ಮಾರಿದ್ದು ಮಾರಿಬಿಟ್ಟೆ. ಹೆಂಡ್ತಿ, ಇನ್ನು ಇರೂದು ಎಲ್ಲಿ ಅಂದು ಕೇಳ್ತಾ ಉಂಟು. ಅವಳ ತೌರು ಕಾರವಾರ. ಆ ಕಡೇನೇ ಎಲ್ಲಾದ್ರೂ ನೋಡಿ ಅಂತಾಳೆ." ದೇವಿದಾಸ ತಡೆದು, ಮುಂದುವರಿಸಿದ. "ಒಂದು ಸಣ್ಣ ಮನೆ. ಹಂಚಿಂದು. ನಾಲ್ಕು ತೆಂಗು, ಒಂದು ಮಾವು. ಬಾವಿ ಉಂಟು. ಈ ಕಾಲದಲ್ಲಿ ಎಷ್ಟು ಕೊಡಬಹುದು? ನಿನ್ನ ಬಿಟ್ರೆ ಯಾರನ್ನ ಕೇಳ್ಲಿ?"

ಕೇಳಿದ ಕೂಡಲೇ ರಾಮನಾಥನ ಕತ್ತು ತಾನಾಗಿ ಮೇಲಕ್ಕೆದ್ದಿತು. ಕಣ್ಣು ಕಿರಿದಾಯಿತು. ಇಡೀ ದಿನ ಅವನ ಕೈಬಿಟ್ಟಿದ್ದ ವಿದ್ಯೆ, ಪರರ ಸ್ವತ್ತು ಎಂದೊಡನೆ ಓಡಿ ಬಂದು ನಾಲಿಗೆಯ ಮೇಲೆ ಕೂತಿತು.

"ಮಾವು ಎಷ್ಟು ಪ್ರಾಯದ್ದು?"

"ಒಳ್ಳೇ ಫಸಲಿಂದು. ಕರಿ ಇಶಾಡ."

"ಗೋಡೆ?"

"ಕೆಂಪು ಕಲ್ಲು."

"ಬಾವಿ ಸಿಹಿಯಾ?"

"ಸಿಹಿ ಅಂತೆ."

"ಏಳ್ನೂರು" ಎಂದ ರಾಮನಾಥ, ಒಂದು ಉಸಿರೂ ತಡೆಯದೆ. "ಮನೆ ಯಜಮಾನ ಎಂಟ್ನೂರೈವತ್ತು ಹೇಳ್ತ. ನೀ ಆರ್ನೂರರಿಂದ ಶುರು ಮಾಡು. ಅವ ಇವತ್ತು ನಾಳೆ ಅಂದು ಗಡಿಬಿಡಿ ಮಾಡ್ತ, ಹೆದರ್ಬ್ಯಾಡ. ಬ್ಯಾರೆ ಗಿರಾಕಿ ಉಂಟು ಅಂದು ಹೇಳ್ತ. ಆ ಗಿರಾಕಿ ಬರೂದಿಲ್ಲ ಅಂದು ಹೇಳು. ಏಳ್ನೂರಕ್ಕೆ ಕೊಡ್ತ."

ದೇವಿದಾಸ ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡ. ಅವನ ಮುಖ ಎಷ್ಟೋ ತಿಂಗಳ ಮೇಲೆ ಮೇಲಕ್ಕೇರಿತ್ತು. "ನಿನ್ನ ಉಪಕಾರ ಮರೆಯೂದಿಲ್ಲ ಮಾರಾಯ. ಬೆಳಗಿನ ಮೋಟಾರಿಗೇ ಹೋಗ್ತೆ" ಎಂದು ಹೇಳಿ, ಇನ್ನೂ ಏನೋ ಹೇಳಲು ಬಾಯಿ ತೆರೆದು, ಹೇಳದೆ, ಮೆಟ್ಟಿಲು ಇಳಿದು ಬೇಗ ಬೇಗ ಹೋದ.

ಒಳಗಿನಿಂದ ನಾಗಮ್ಮ ಬಂದು ಬಾಗಿಲಲ್ಲಿ ನಿಂತಳು.

"ಯಾವೂರಲ್ಲಂತೆ ಆ ಮನೆ?"

"ಕಾರವಾರದ ಕಡೆ ಅಂದ" ಎಂದ ರಾಮನಾಥ. ಎಣ್ಣೆ ಹಚ್ಚುತ್ತಿದ್ದ ಕೈ ನಿಧಾನವಾಯಿತು. ನಾಲ್ಕು ತೆಂಗು. ಕೆಂಪು ಕಲ್ಲು. ಹಿತ್ತಲಲ್ಲಿ ಕರಿ ಇಶಾಡದ ಮರ. ಅರ್ಗಾದಲ್ಲಿ ಅದರ ನೆರಳಲ್ಲೇ ನಿಂತು ಅವನು ಎರಡನೇ ತಂಬಿಗೆ ನೀರು ಕೇಳಿದ್ದ. ಕೈ ಪೂರ್ತಿ ನಿಂತುಹೋಯಿತು.

ನಾಗಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಬೈಯಬಹುದಾಗಿತ್ತು. ಅದರ ಬದಲು ಅವಳಿಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಹೊಸ್ತಿಲ ಮೇಲೆಯೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಏಳ್ನೂರಕ್ಕೆ ಕೊಡ್ತ್ನಾ?" ಎಂದು ನಡುವೆ ಕೇಳಿದಳು.

"ಕೊಡ್ತ" ಎಂದ ರಾಮನಾಥ. ಆ ವಿಷಯದಲ್ಲಿ ಅವನಿಗೆ ಸಂಶಯವಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು ಎದ್ದು, ಎಂದಿನಂತೆ ಸಂಜೆಯ ನೀರಿಗೆ ಕೊಡಕ್ಕೆ ಕೈಹಾಕಿದಳು. ರಾಮನಾಥ ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಗೋಡೆ ಸುತ್ತಿಕೊಂಡು ಹೋಗಿ, ಇಂದಿಗೆ ದೇವಿದಾಸನದಾಗಿದ್ದು ನಾಳೆಗೆ ಜಟ್ಟುವಿನದಾಗುವ ಬಾವಿಯಿಂದ ನೀರು ಸೇದಿದ. ತುಂಬಿದ ಕೊಡವನ್ನು ಎತ್ತುವ ಮೊದಲು, ಅಭ್ಯಾಸಬಲದಿಂದ, ಅದನ್ನೊಮ್ಮೆ ನೋಡಿ ಭಾರ ಇಷ್ಟಿರಬಹುದು ಎಂದು ಅಂದಾಜು ಮಾಡಿದ.

ತಲೆಗೇರಿಸಿಕೊಂಡ ಮೇಲೆ ಗೊತ್ತಾಯಿತು, ತನ್ನ ಮನೆಯ ಸಂಬಂಧದ ಆ ಅಂದಾಜೂ ತಪ್ಪಿತ್ತು.